ಲಿನ್ ಝೆಶು: ಕಂಡ ಸತ್ಯವನ್ನು ಹೇಳಲಾಗದ ಅಧಿಕಾರಿ

ದಕ್ಷಿಣ ಚೀನಾದ ಗುವಾಂಗ್‌ಝೌ ನಗರದಲ್ಲಿ ಅಮೆರಿಕದ ಮಿಷನರಿ ವೈದ್ಯ ಪೀಟರ್ ಪಾರ್ಕರ್ ಒಂದು ಆಸ್ಪತ್ರೆ ನಡೆಸುತ್ತಿದ್ದ. ಅಲ್ಲಿನ 1839ರ ದಾಖಲೆಯಲ್ಲಿ 6565ನೆಯ ರೋಗಿಯ ಕುರಿತು ಒಂದು ವಿಚಿತ್ರ ಟಿಪ್ಪಣಿಯಿದೆ. ಆ ರೋಗಿಯನ್ನು ವೈದ್ಯ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ರೋಗ ಹರ್ನಿಯಾ. ಸೊಂಟಕ್ಕೆ ಕಟ್ಟುವ ಪಟ್ಟಿಯೊಂದು ಬೇಕೆಂದು ಮಧ್ಯವರ್ತಿಗಳ ಮೂಲಕ ಕೇಳಿಕೆ ಬಂತು. ಅಳತೆ ನೋಡದೆ ಪಟ್ಟಿ ಕೊಡುವುದು ಹೇಗೆಂದು ವೈದ್ಯ ತಕರಾರು ತೆಗೆದ. ರೋಗಿಗೆ ವಿದೇಶಿಯನೊಬ್ಬನ ಮುಂದೆ ಕುಳಿತುಕೊಳ್ಳುವುದು ಸಾಧ್ಯವಿರಲಿಲ್ಲ. ಕೊನೆಗೆ ಪಟ್ಟಿ ಕಳುಹಿಸಲಾಯಿತು. ಒಟ್ಟಿನಲ್ಲಿ ಪರವಾಗಿಲ್ಲ, ಕೆಮ್ಮಿದಾಗ ಮಾತ್ರ ಸ್ವಲ್ಪ ಜಾರುತ್ತದೆ ಎಂಬ ವರದಿ ಬಂತು.

ಆ ರೋಗಿ ಲಿನ್ ಝೆಶು. ಅದೇ ವರ್ಷದ ಜೂನ್‌ನಲ್ಲಿ ಬ್ರಿಟಿಷ್ ವರ್ತಕರ ಇಪ್ಪತ್ತು ಸಾವಿರ ಪೆಟ್ಟಿಗೆ ಅಫೀಮನ್ನು ಕರಗಿಸಿ ಸಮುದ್ರಕ್ಕೆ ಹರಿಸಿದ ಚೀನಾದ ಚಕ್ರವರ್ತಿಯ ವಿಶೇಷ ಆಯುಕ್ತ. ಪರಕೀಯರನ್ನು ದೂರವಿಟ್ಟ ಹಠಮಾರಿ ಮ್ಯಾಂಡರಿನ್ ಎಂದು ಪಾಶ್ಚಾತ್ಯರ ಹಳೆಯ ಇತಿಹಾಸಗಳೂ ಸಾಮ್ರಾಜ್ಯಶಾಹಿಗೆ ಎದೆಯೊಡ್ಡಿದ ಮೊದಲ ವೀರನೆಂದು ಚೀನಾದ ಪಠ್ಯಪುಸ್ತಕಗಳೂ ಚಿತ್ರಿಸುವುದು ಈ ಮನುಷ್ಯನನ್ನೇ. ಎರಡೂ ಚಿತ್ರಗಳಲ್ಲಿ ಆತನ ಅರ್ಧ ಮಾತ್ರ ಕಾಣುತ್ತದೆ. ವಿದೇಶಿ ವೈದ್ಯನ ಮುಂದೆ ಬರಲು ಒಪ್ಪದೆ, ಆದರೆ ಆತನ ಪಟ್ಟಿಯನ್ನು ತರಿಸಿ ಕಟ್ಟಿಕೊಂಡ ಲಿನ್ ಇನ್ನೂ ಕುತೂಹಲಕರ ವ್ಯಕ್ತಿ.

ಲಿನ್ ಹುಟ್ಟಿದ್ದು 1785ರ ಆಗಸ್ಟ್ 30ರಂದು, ಫುಜಿಯಾನ್ ಪ್ರಾಂತ್ಯದ ಕಡಲತೀರದ ನಗರ ಫೂಝೌನಲ್ಲಿ. ತಂದೆ ಬಡ ಶಾಲಾ ಶಿಕ್ಷಕ. ಸಾಮ್ರಾಜ್ಯದ ಉನ್ನತ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಉಳಿದವನು. ತಾಯಿ ಕಾಗದದ ಹೂ ಮಾಡಿ ಮಾರಿ ಸಂಸಾರಕ್ಕೆ ಆಸರೆಯಾದವಳು. ತಂದೆಗೆ ದಕ್ಕದ್ದು ಮಗನಿಗೆ ದಕ್ಕಿತು. 1811ರಲ್ಲಿ ಅತ್ಯುನ್ನತ ಪದವಿ, ಅನಂತರ ಬೀಜಿಂಗ್‌ನ ಹಾನ್‌ಲಿನ್ ವಿದ್ವತ್ ಪೀಠ, ಅಲ್ಲಿಂದ ಪ್ರಾಂತ್ಯಗಳ ಆಡಳಿತ. ನದಿಗಳ ಒಡ್ಡು, ಬರ ಪರಿಹಾರ, ನ್ಯಾಯದಾನ, ರಾಜಧಾನಿಗೆ ಧಾನ್ಯ ಸಾಗಣೆ ಮುಂತಾದ ಕೆಲಸಗಳಲ್ಲೇ ಆತನ ಅನೇಕ ವರ್ಷಗಳು ಕಳೆದವು. ಲಂಚ ಮುಟ್ಟದ ಅಧಿಕಾರಿಗೆ ಜನ ಕೊಟ್ಟ ಹೆಸರು ನಿರ್ಮಲ ಆಕಾಶ. ಆಗಿನ ಚಿಂಗ್ ಆಡಳಿತದಲ್ಲಿ ಇಂಥ ಹೆಸರು ಸುಲಭವಾಗಿ ಸಿಗುವಂಥದ್ದಾಗಿರಲಿಲ್ಲ.

ಅಫೀಮಿನ ಕಥೆಯಲ್ಲಿ ನಾವು ಭಾರತೀಯರು ಕೇವಲ ಪ್ರೇಕ್ಷಕರಲ್ಲ. ಚೀನಾದ ಚಹಾ, ರೇಷ್ಮೆಗಳಿಗೆ ಬ್ರಿಟನ್ನು ಬೆಳ್ಳಿ ತೆರಬೇಕಾಗಿತ್ತು. ಆ ದೇಶಕ್ಕೆ ಬ್ರಿಟನ್ನಿನಿಂದ ಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಈ ಅಸಮತೋಲನಕ್ಕೆ ಈಸ್ಟ್ ಇಂಡಿಯಾ ಕಂಪನಿ ಕಂಡುಕೊಂಡ ಪರಿಹಾರ ಬಿಹಾರ ಮತ್ತು ಬನಾರಸ್ ಸೀಮೆಯ ಗಸಗಸೆ ಹೊಲಗಳಲ್ಲಿತ್ತು. ರೈತರಿಗೆ ಮುಂಗಡ ಕೊಟ್ಟು ಬೆಳೆಸಿದ ಅಫೀಮನ್ನು ಕಂಪನಿ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ಚೀನಾಕ್ಕೆ ಸಾಗಿಸುವ ಕೆಲಸ ಖಾಸಗಿ ವರ್ತಕರದ್ದು. ಹೀಗಾಗಿ ಕಳ್ಳಸಾಗಣೆಯ ಮಸಿ ಕಂಪನಿಯ ಕೈಗೆ ಹತ್ತುತ್ತಿರಲಿಲ್ಲ. ಪಶ್ಚಿಮದಲ್ಲಿ ಮಾಳವದ ಅಫೀಮು ಮುಂಬಯಿ ಮಾರ್ಗವಾಗಿ ಹೋಗುತ್ತಿತ್ತು. ಅದರಲ್ಲಿ ಪಾರ್ಸಿ ವರ್ತಕರ ಪಾಲೂ ದೊಡ್ಡದು. 1820ರ ದಶಕದ ಆರಂಭದಲ್ಲಿ ವರ್ಷಕ್ಕೆ ನಾಲ್ಕೈದು ಸಾವಿರ ಪೆಟ್ಟಿಗೆಗಳಿದ್ದ ಆಮದು 1838ರ ಹೊತ್ತಿಗೆ ನಲವತ್ತು ಸಾವಿರದ ಹತ್ತಿರ ಬಂದಿತ್ತು. ಒಂದೊಂದು ಪೆಟ್ಟಿಗೆಯಲ್ಲಿ ಅರವತ್ತು ಕಿಲೋಗೂ ಹೆಚ್ಚು ಸರಕು.

ಬೆಳ್ಳಿ ಈಗ ತಿರುಗಿ ಹರಿಯತೊಡಗಿತು. ಚೀನಾದ ರೈತ ದಿನನಿತ್ಯದ ವ್ಯವಹಾರವನ್ನು ತಾಮ್ರದ ನಾಣ್ಯದಲ್ಲಿ ಮಾಡಿ ಕಂದಾಯವನ್ನು ಬೆಳ್ಳಿಯ ಲೆಕ್ಕದಲ್ಲಿ ಕಟ್ಟಬೇಕಾಗಿತ್ತು. ಬೆಳ್ಳಿ ದುಬಾರಿಯಾದಂತೆ, ಅಫೀಮನ್ನು ಮುಟ್ಟದವನ ಕಂದಾಯವೂ ಏರುತ್ತ ಹೋಯಿತು. 1836ರಲ್ಲಿ ಒಬ್ಬ ಅಧಿಕಾರಿ ಅಫೀಮನ್ನು ಕಾನೂನುಬದ್ಧಗೊಳಿಸಿ ಸುಂಕ ಹಾಕೋಣವೆಂದು ಸಲಹೆ ಮಾಡಿದ. 1838ರಲ್ಲಿ ಇನ್ನೊಬ್ಬ, ಸೇದುವವರಿಗೆ ಮರಣದಂಡನೆಯೇ ಸರಿ ಎಂದ. ದಾವೋಗುವಾಂಗ್ ಚಕ್ರವರ್ತಿ ಪ್ರಾಂತ್ಯಾಧಿಕಾರಿಗಳ ಅಭಿಪ್ರಾಯ ಕೇಳಿದಾಗ, ಆಗ ಹೂಬೇ ಮತ್ತು ಹೂನಾನ್ ಪ್ರಾಂತ್ಯಗಳ ಮಹಾಮಂಡಲಾಧಿಪತಿಯಾಗಿದ್ದ ಲಿನ್ ಕಠಿಣ ಕ್ರಮದ ಪರ ನಿಂತ. ಆದರೆ ವ್ಯಸನಿಗಳಿಗೆ ಚಟ ಬಿಡಲು ಕಾಲಾವಕಾಶ ಮತ್ತು ಔಷಧ ಕೊಡಬೇಕೆಂದೂ ಬರೆದ. ಹೀಗೆಯೇ ಬಿಟ್ಟರೆ ಕೆಲವು ದಶಕಗಳಲ್ಲಿ ಹೋರಾಡಲು ಸೈನಿಕರಾಗಲೀ ಅವರಿಗೆ ಸಂಬಳ ಕೊಡಲು ಬೆಳ್ಳಿಯಾಗಲೀ ಉಳಿಯುವುದಿಲ್ಲ ಎಂಬ ಆತನ ಎಚ್ಚರಿಕೆ ಚಕ್ರವರ್ತಿಯನ್ನು ಕಲಕಿತು. ಬೀಜಿಂಗ್‌ಗೆ ಕರೆಸಿಕೊಂಡ ದೊರೆ ಹಲವು ದಿನ ಮಾತನಾಡಿ, ಅರಮನೆಯ ಆವರಣದಲ್ಲಿ ಕುದುರೆಯೇರಿ ಬರುವ ಅಪರೂಪದ ಗೌರವ ಕೊಟ್ಟು, 1838ರ ಕೊನೆಯ ದಿನ ಆತನನ್ನು ವಿಶೇಷ ಆಯುಕ್ತನನ್ನಾಗಿ ನೇಮಿಸಿದ.

1839ರ ಮಾರ್ಚ್ 10ರಂದು ಲಿನ್ ಗುವಾಂಗ್‌ಝೌ ತಲುಪಿದ. ಮೊದಲು ಕೈಯಿಟ್ಟದ್ದು ತನ್ನವರ ಮೇಲೆಯೇ. ಮೇ ಮಧ್ಯದ ಹೊತ್ತಿಗೆ 1,600ಕ್ಕೂ ಹೆಚ್ಚು ಚೀನೀಯರ ಬಂಧನವಾಗಿ, ಸುಮಾರು 43 ಸಾವಿರ ಅಫೀಮಿನ ಕೊಳವೆಗಳು ಸರ್ಕಾರದ ವಶಕ್ಕೆ ಬಂದಿದ್ದವು. ವಿದೇಶಿಯರಿಗೂ ಆಜ್ಞೆ ಹೋಯಿತು: ಇರುವ ಅಫೀಮನ್ನೆಲ್ಲ ಒಪ್ಪಿಸಬೇಕು, ಇನ್ನೆಂದೂ ತರುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕಬೇಕು. ಅವರು ಸಬೂಬು ಹೇಳಿದಾಗ ಮಾರ್ಚ್ 24ರಂದು ನದೀತೀರದ ವಿದೇಶಿ ಕೋಠಿಗಳಿಗೆ ದಿಗ್ಬಂಧನ ಹಾಕಿ, ಚೀನೀ ಅಡುಗೆಯವರನ್ನೂ ಆಳುಗಳನ್ನೂ ವಾಪಸು ಕರೆಸಿಕೊಂಡ. ಸುಮಾರು 350 ಮಂದಿ ವರ್ತಕರು ತಮ್ಮ ಅನ್ನ ತಾವೇ ಬೇಯಿಸಿಕೊಳ್ಳಬೇಕಾಗಿ ಬಂತು. ಅವರಲ್ಲಿ ಅಫೀಮನ್ನು ಎಂದೂ ಮುಟ್ಟದ ಅಮೆರಿಕದ ವರ್ತಕರೂ ಇದ್ದರು. ತಪ್ಪಿತಸ್ಥರನ್ನೂ ನಿರಪರಾಧಿಗಳನ್ನೂ ಒಂದೇ ಕಟ್ಟಿಗೆ ಸೇರಿಸಿದ್ದು ಲಿನ್ ಮಾಡಿದ ಅನ್ಯಾಯವೆಂದೇ ಹೇಳಬೇಕು.

ಅನ್ಯಾಯಕ್ಕಿಂತ ದೊಡ್ಡದು ಆತನ ಲೆಕ್ಕಾಚಾರದ ತಪ್ಪು. ಬ್ರಿಟಿಷ್ ವ್ಯಾಪಾರ ಮೇಲ್ವಿಚಾರಕ ಚಾರ್ಲ್ಸ್ ಎಲಿಯಟ್ ಮೂರೇ ದಿನಗಳಲ್ಲಿ ಮಣಿದು 20,283 ಪೆಟ್ಟಿಗೆಗಳನ್ನು ಒಪ್ಪಿಸಲು ಒಡಂಬಟ್ಟ. ಅದಕ್ಕೆ ಮೊದಲು ಆತ ವರ್ತಕರ ಸರಕನ್ನು ಬ್ರಿಟಿಷ್ ಸರ್ಕಾರದ ಹೆಸರಿನಲ್ಲಿ ಸ್ವೀಕರಿಸಿ, ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆಂದು ಮಾತು ಕೊಟ್ಟಿದ್ದ. ಲಿನ್‌ನ ಬಿಗಿ ಕ್ರಮಗಳಿಂದ ಮಾರಾಟವೇ ನಿಂತು ಕೈಕಟ್ಟಿ ಕುಳಿತಿದ್ದ ವರ್ತಕರು ಸಂತೋಷದಿಂದಲೇ ಒಪ್ಪಿಸಿದರು. ಕಳ್ಳಸಾಗಣೆದಾರರ ಮಾಲನ್ನು ವಶಪಡಿಸಿಕೊಂಡೆನೆಂದು ಲಿನ್ ಭಾವಿಸಿದ. ಲಂಡನ್ನಿನ ಲೆಕ್ಕದಲ್ಲಿ ಅದು ರಾಣಿಯ ಸರ್ಕಾರದ ಆಸ್ತಿಯಾಗಿತ್ತು. ಯುದ್ಧಕ್ಕೆ ನೆಪ ಸಿದ್ಧವಾದದ್ದು ಈ ಒಂದು ಕಾಗದದಲ್ಲಿ. ದಿಗ್ಬಂಧನ ತೆರವಾದ ಮೇಲೆ ಹೆಸರಾಂತ ಹದಿನಾರು ವರ್ತಕರನ್ನು ಲಿನ್ ದೇಶದಿಂದ ಹೊರಹಾಕಿದ. ಅವರಲ್ಲಿ ಮುಂಬಯಿಯ ಪಾರ್ಸಿಗಳೂ ಇದ್ದರು.

ಅಫೀಮನ್ನು ಲಿನ್ ಸುಟ್ಟನೆಂದು ಅನೇಕರು ಬರೆಯುತ್ತಾರೆ. ಆತ ಸುಡಲಿಲ್ಲ. ಸುಟ್ಟರೆ ಕರಗಿದ ಅಂಶ ಮಣ್ಣಿಗಿಳಿದು, ಜನ ಮಣ್ಣು ಕೆದಕಿ ಒಂದಿಷ್ಟನ್ನು ಮರಳಿ ಪಡೆಯುತ್ತಾರೆಂಬುದು ಆತನಿಗೆ ಗೊತ್ತಿತ್ತು. ಹೂಮೆನ್ ಎಂಬಲ್ಲಿ ನದೀಮುಖದ ಬಳಿ ಕಲ್ಲು ಹಾಸಿದ ದೊಡ್ಡ ಹೊಂಡಗಳನ್ನು ತೋಡಿಸಿದ. ಅದರೊಳಗೆ ನೀರು ತುಂಬಿ, ಉಪ್ಪು ಸುರಿದು, ಅಫೀಮಿನ ಉಂಡೆಗಳನ್ನು ಒಡೆದು ಹಾಕಿ, ಮೇಲೆ ಸುಣ್ಣ ಎರಚಿ, ಕೆಲಸಗಾರರು ಕದಡುತ್ತಿದ್ದರು. ಇಳಿತದ ಹೊತ್ತಿಗೆ ತೂಬು ತೆರೆದು ಕಡಲಿಗೆ ಬಿಡಲಾಗುತ್ತಿತ್ತು. ಜೂನ್ 3ರಂದು ಆರಂಭವಾದ ಈ ಕೆಲಸ ಮೂರು ವಾರ ನಡೆಯಿತು. ಸಾವಿರ ಟನ್‌ಗೂ ಹೆಚ್ಚು ಅಫೀಮು. ಒಂದು ಚೂರೂ ಕಳವಾಗದಂತೆ ಕಾವಲಿತ್ತು. ನಡುವೆ ನೋಡಲು ಬಂದ ಅಮೆರಿಕದ ಪಾದ್ರಿ ಬ್ರಿಡ್ಜ್‌ಮನ್ ಇಷ್ಟು ಕಟ್ಟುನಿಟ್ಟಿನ ಕೆಲಸವನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಕೆಲಸಕ್ಕೆ ಮೊದಲು ಲಿನ್ ಸಮುದ್ರ ದೇವತೆಗೆ ಪೂಜೆ ಸಲ್ಲಿಸಿ, ನೀರನ್ನು ಕೆಡಿಸುತ್ತಿರುವುದಕ್ಕೆ ಕ್ಷಮೆ ಕೇಳಿ, ಜಲಚರಗಳು ಕೆಲಕಾಲ ದೂರ ಸರಿದಿರಲೆಂದು ಪ್ರಾರ್ಥಿಸಿದ. ನಮ್ಮ ಹಳ್ಳಿಗಳಲ್ಲಿ ಮರ ಕಡಿಯುವ ಮೊದಲು ಮರಕ್ಕೆ ಕೈಮುಗಿಯುವವರಿಗೆ ಈ ಪೂಜೆ ಅಪರಿಚಿತವೆನಿಸಲಾರದು.

ಈ ಗದ್ದಲದ ನಡುವೆಯೇ ಲಿನ್ ಮತ್ತೊಂದು ಕೆಲಸ ಮಾಡುತ್ತಿದ್ದ. ಚಿಂಗ್ ವಂಶದ ಎರಡು ಶತಮಾನಗಳ ಆಳ್ವಿಕೆಯಲ್ಲಿ ವಿದೇಶಿಯರು ಬರುತ್ತಲೇ ಇದ್ದರು. ಜೆಸೂಯಿಟ್ ಪಾದ್ರಿಗಳು ಪಂಚಾಂಗ ತಿದ್ದಿದರು, 1793ರಲ್ಲಿ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ಕಾಣಿಕೆ ಹೊತ್ತು ಬಂದು ಹಿಂದಿರುಗಿದ. ಆದರೆ ಆ ಜನರ ಪತ್ರಿಕೆಗಳಲ್ಲಿ ಏನು ಅಚ್ಚಾಗುತ್ತಿದೆ ಎಂದು ತಿಳಿಯಲು ಉನ್ನತ ಅಧಿಕಾರಿಗಳು ಆಸಕ್ತಿ ತೋರಿದ್ದು ಕಡಿಮೆ. ಲಿನ್ ತನ್ನ ಕಚೇರಿಯಲ್ಲಿ ಭಾಷಾಂತರಕಾರರ ಸಣ್ಣ ತಂಡವನ್ನೇ ಕಟ್ಟಿದ. ಮಲಕ್ಕಾದ ಮಿಷನರಿ ಕಾಲೇಜಿನಲ್ಲಿ ಓದಿ ಲ್ಯಾಟಿನ್ ಕಲಿತಿದ್ದ ಯುವಾನ್ ದೆಹುಯಿ ಅದರಲ್ಲಿದ್ದ. ನಮ್ಮ ಬಂಗಾಳದ ಸೆರಾಂಪುರದಲ್ಲಿ ಪಾದ್ರಿ ಮಾರ್ಷ್‌ಮನ್ ಬಳಿ ಓದಿದ, ತಾಯಿ ಬಂಗಾಳದವಳಾಗಿದ್ದ ವೃದ್ಧನೊಬ್ಬನಿದ್ದ. ಪ್ರಾಟೆಸ್ಟೆಂಟ್ ಮತಪ್ರಚಾರಕ ಲಿಯಾಂಗ್ ಫಾನ ಮಗ ಲಿಯಾಂಗ್ ಜಿಂದೆ ಇದ್ದ. ಇವರು ಗುವಾಂಗ್‌ಝೌ, ಮಕಾವುಗಳ ಇಂಗ್ಲಿಷ್ ಪತ್ರಿಕೆಗಳನ್ನು ಅನುವಾದಿಸಿದರು. ಅಂತರರಾಷ್ಟ್ರೀಯ ನ್ಯಾಯದ ಬಗ್ಗೆ ವಾಟೆಲ್ ಬರೆದ ಗ್ರಂಥದ ಕೆಲವು ಭಾಗಗಳು, ಹ್ಯೂ ಮರ್ರೆಯ ಭೂಗೋಳ ವಿಶ್ವಕೋಶದ ಸಾರ ಚೀನೀ ಭಾಷೆಗೆ ಬಂದವು. ವಾಟೆಲ್‌ನ ಕೆಲವು ಪುಟಗಳನ್ನು ಅನುವಾದಿಸಿಕೊಟ್ಟವನು ಹರ್ನಿಯಾ ಪಟ್ಟಿಯ ಅದೇ ವೈದ್ಯ ಪಾರ್ಕರ್.

ಇಷ್ಟೆಲ್ಲ ಓದಿಯೂ ಲಿನ್ ಎಡವಿದ್ದುಂಟು. ಬ್ರಿಟಿಷ್ ಸೈನಿಕರ ಕಾಲುಗಳು ಬಿಗಿ ಉಡುಪಿನಲ್ಲಿ ಸುತ್ತಿಕೊಂಡಿರುವುದರಿಂದ ನೆಲದ ಮೇಲೆ ಅವರು ಹೋರಾಡಲಾರರೆಂದು ಚಕ್ರವರ್ತಿಗೆ ವರದಿ ಮಾಡಿದ. ಚೀನಾದ ಚಹಾ ಮತ್ತು ರೇವಲ್ಚಿನ್ನಿ ಇಲ್ಲದೆ ವಿದೇಶಿಯರು ಬದುಕಲಾರರೆಂದೂ ನಂಬಿದ್ದ. ವಿಕ್ಟೋರಿಯಾ ರಾಣಿಗೆ ಬರೆದ ಆತನ ಪ್ರಸಿದ್ಧ ಪತ್ರದಲ್ಲಿಯೂ ಈ ನಂಬಿಕೆ ಇಣುಕುತ್ತದೆ. ಆದರೆ ಆ ಪತ್ರದ ತಿರುಳು ಬೇರೆ: ನಿಮ್ಮ ದೇಶದ ಪ್ರಜೆಗಳಿಗೆ ಕೇಡೆಂದು ತಿಳಿದ ವಸ್ತುವನ್ನು ಲಾಭಕ್ಕಾಗಿ ಇನ್ನೊಂದು ದೇಶಕ್ಕೆ ಕಳುಹಿಸುವುದು ಯಾವ ಧರ್ಮ ಎಂಬುದು ಅದರ ಪ್ರಶ್ನೆ. ಬ್ರಿಟನ್ನಿನಲ್ಲಿ ಆಗ ಅಫೀಮು ಔಷಧದಂಗಡಿಯಲ್ಲಿ ಸಲೀಸಾಗಿ ಸಿಗುತ್ತಿತ್ತೆಂಬುದು ಲಿನ್‌ಗೆ ತಿಳಿದಿರಲಿಲ್ಲ. 1840ರ ಜನವರಿಯಲ್ಲಿ ಒಂದು ಹಡಗಿನ ಕಪ್ತಾನನ ಕೈಗೆ ಕೊಟ್ಟ ಪತ್ರವನ್ನು ಲಂಡನ್ನಿನ ವಿದೇಶಾಂಗ ಕಚೇರಿ ಸ್ವೀಕರಿಸಲಿಲ್ಲ. ಪತ್ರವೇನೋ ಪತ್ರಿಕೆಯಲ್ಲಿ ಅಚ್ಚಾಯಿತು. ಲಂಡನ್ನಿನ ಮೇಡಂ ಟುಸಾಡ್ ಮೇಣದ ವಸ್ತುಸಂಗ್ರಹಾಲಯದಲ್ಲಿ ಲಿನ್‌ನ ಪ್ರತಿಮೆಯೂ ನಿಂತಿತು. ರಾಣಿಯಿಂದ ಮಾತ್ರ ಉತ್ತರ ಬರಲಿಲ್ಲ.

ಬಂದದ್ದು ನೌಕಾಪಡೆ. 1839ರ ಜುಲೈನಲ್ಲಿ ಕೌಲೂನ್‌ನಲ್ಲಿ ಕುಡಿದ ನಾವಿಕರು ಒಬ್ಬ ಹಳ್ಳಿಗನನ್ನು ಕೊಂದರು. ಅಪರಾಧಿಯನ್ನು ಒಪ್ಪಿಸಲು ಎಲಿಯಟ್ ನಿರಾಕರಿಸಿದ್ದರಿಂದ ಬಿಕ್ಕಟ್ಟು ಬಿಗಡಾಯಿಸಿ, ವರ್ಷ ಮುಗಿಯುವ ಮೊದಲೇ ಗುಂಡಿನ ಚಕಮಕಿ ನಡೆದಿತ್ತು. 1840ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಈ ಯುದ್ಧದ ವಿರುದ್ಧ ಬಂದ ಖಂಡನಾ ನಿರ್ಣಯವನ್ನು ಸರ್ಕಾರ ಕೇವಲ ಒಂಬತ್ತು ಮತಗಳಿಂದ ಸೋಲಿಸಿತು. ಜೂನ್‌ನಲ್ಲಿ ಬಂದ ಹಡಗುಗಳು ಲಿನ್ ಭದ್ರಪಡಿಸಿದ್ದ ಗುವಾಂಗ್‌ಝೌವನ್ನು ಬಿಟ್ಟು ಉತ್ತರಕ್ಕೆ ಸಾಗಿ, ಜುಲೈನಲ್ಲಿ ಝೌಶಾನ್ ದ್ವೀಪವನ್ನು ಹಿಡಿದು, ಆಗಸ್ಟ್‌ನಲ್ಲಿ ರಾಜಧಾನಿಯ ಹೆಬ್ಬಾಗಿಲಾದ ತಿಯಾನ್‌ಜಿನ್ ಸಮೀಪ ಲಂಗರು ಹಾಕಿದವು. ಹೂಮೆನ್ ಘಟನೆಯಿಂದ ಹಿಗ್ಗಿದ್ದ ಚಕ್ರವರ್ತಿಗೆ ಈಗ ಲಿನ್‌ನಲ್ಲಿ ದೋಷಗಳಷ್ಟೇ ಕಂಡವು. ಅಫೀಮೂ ನಿಲ್ಲಲಿಲ್ಲ, ಹೊಸ ತೊಡಕೂ ಬಂತು ಎಂಬ ಆಪಾದನೆಯೊಂದಿಗೆ ಆ ಶರತ್ಕಾಲದಲ್ಲಿ ಆತನ ಪದವಿ ಹೋಯಿತು. ಬೆನ್ನು ತಟ್ಟಿದ ಕೈಯೇ ಕೈಬಿಡುವುದು ಅಧಿಕಾರಿಗಳ ಬಾಳಿನಲ್ಲಿ ಹೊಸದೇನಲ್ಲ.

ಆ ಯುದ್ಧದಲ್ಲಿ ನಮ್ಮ ನಾಡಿನ ನೆರಳೂ ಬಿದ್ದಿದೆ. ಬೆಂಗಳೂರಿನಲ್ಲಿ ನೆಲೆಯಿದ್ದ ಮದರಾಸ್ ಸ್ಯಾಪರ್ಸ್ ಪಡೆ ಚೀನಾಕ್ಕೆ ಹೋಗಿ, ಆ ಸೇವೆಗಾಗಿ ಡ್ರ್ಯಾಗನ್ ಲಾಂಛನದ ಗೌರವ ಪಡೆದು ಬಂತು. 1841ರ ಜನವರಿ 7ರಂದು ನೆಮೆಸಿಸ್ ಎಂಬ ಕಬ್ಬಿಣದ ಉಗಿಹಡಗು ಹಾರಿಸಿದ ರಾಕೆಟ್ ಒಂದು ಚೀನೀ ಯುದ್ಧನೌಕೆಯನ್ನು ಮದ್ದಿನ ಸಮೇತ ಸಿಡಿಸಿತು. ಕಾಂಗ್ರೀವ್ ಹೆಸರಿನ ಆ ರಾಕೆಟ್‌ಗೆ ಸ್ಫೂರ್ತಿ, ಹೈದರ್ ಮತ್ತು ಟಿಪ್ಪುವಿನ ಸೇನೆ ಬ್ರಿಟಿಷರ ಮೇಲೆ ಪ್ರಯೋಗಿಸಿದ್ದ ಮೈಸೂರಿನ ರಾಕೆಟ್‌ಗಳು. ಪದಚ್ಯುತನಾದರೂ ಲಿನ್ ಆಗ ಗುವಾಂಗ್‌ಝೌನಲ್ಲಿಯೇ ಇದ್ದ. ಆತ ಕೊಳ್ಳಿಸಿದ್ದ ಕೇಂಬ್ರಿಡ್ಜ್ ಎಂಬ ಹಳೆಯ ಬ್ರಿಟಿಷ್ ಹಡಗೂ ಅದನ್ನು ನಡೆಸಬಲ್ಲ ನಾವಿಕರಿಲ್ಲದೆ ನದಿಯಲ್ಲಿ ಲಂಗರು ಹಾಕಿ ನಿಂತಿದ್ದು, ಫೆಬ್ರವರಿಯಲ್ಲಿ ಶತ್ರುವಿನ ಕೈಸೇರಿ ನಾಶವಾಯಿತು.

1841ರ ಬೇಸಿಗೆಯಲ್ಲಿ ಗಡೀಪಾರಿನ ಆಜ್ಞೆ ಬಂತು. ಗಮ್ಯ, ಸಾಮ್ರಾಜ್ಯದ ವಾಯವ್ಯ ತುದಿಯ ಯೀಲಿ. ಹೊರಟವನು ಝೆನ್‌ಜಿಯಾಂಗ್‌ನಲ್ಲಿ ಗೆಳೆಯ, ವಿದ್ವಾಂಸ ವೇಯ್ ಯುವಾನ್‌ನನ್ನು ಕಂಡು, ತಾನು ಮಾಡಿಸಿದ್ದ ಅನುವಾದಗಳ ಕಟ್ಟನ್ನು ಅವನ ಕೈಗಿತ್ತ. ಅದನ್ನು ಆಧಾರವಾಗಿಟ್ಟುಕೊಂಡು ವೇಯ್ ಯುವಾನ್ ರಚಿಸಿದ ಕಡಲಾಚೆಯ ದೇಶಗಳ ಸಚಿತ್ರ ಗ್ರಂಥ ಮುಂದೆ ನೂರು ಸಂಪುಟಗಳಿಗೆ ಬೆಳೆಯಿತು. ಚೀನಾದ ಆಸ್ಥಾನ ಅದನ್ನು ಹೆಚ್ಚಾಗಿ ಕಡೆಗಣಿಸಿತು; 1850ರ ದಶಕದಲ್ಲಿ ಅದನ್ನು ಆಸೆಪಟ್ಟು ಓದಿದವರು ಜಪಾನೀಯರು. ಲಿನ್ ಮುಂದೆ ಸಾಗುವಷ್ಟರಲ್ಲಿ ಹಳದಿ ನದಿ ಕೈಫೆಂಗ್ ಬಳಿ ಒಡ್ಡು ಒಡೆಯಿತು. ನೀರಿನ ಕೆಲಸ ಬಲ್ಲ ಅಪರಾಧಿಯನ್ನು ಸರ್ಕಾರ ಅಲ್ಲಿಗೆ ತಿರುಗಿಸಿತು. ತಿಂಗಳುಗಟ್ಟಲೆ ದುಡಿದು ಒಡ್ಡು ಮುಚ್ಚಿದ ಮೇಲೆ ಎಲ್ಲರೂ ಕ್ಷಮಾದಾನ ನಿರೀಕ್ಷಿಸಿದ್ದರು. ಬಂದದ್ದು ಯೀಲಿಗೆ ನಡೆ ಎಂಬ ಆಜ್ಞೆಯೇ.

ಲಿನ್ ಜೀವನದ ಅತ್ಯಂತ ಗಂಭೀರ ಗಳಿಗೆ ಹೂಮೆನ್‌ನಲ್ಲಿ ಅಲ್ಲ, ಈ ಪಯಣದ ನಡುವೆ ಇದೆ ಎಂದು ನನಗನಿಸುತ್ತದೆ. 1842ರ ಆಗಸ್ಟ್ 29ರಂದು ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಹಾಂಗ್‌ಕಾಂಗ್ ಹೋಯಿತು, ಐದು ಬಂದರುಗಳು ತೆರೆದವು, ದಂಡ ಎರಡು ಕೋಟಿ ಹತ್ತು ಲಕ್ಷ ಬೆಳ್ಳಿ ಡಾಲರ್. ಅದರಲ್ಲಿ ಅರವತ್ತು ಲಕ್ಷ, ಲಿನ್ ಕರಗಿಸಿದ ಅಫೀಮಿನ ಬೆಲೆ. ಆ ದಿನಗಳಲ್ಲಿ ದಾರಿಯಿಂದ ಲಿನ್ ಗೆಳೆಯರಿಗೆ ಒಂದು ಪತ್ರ ಬರೆದ. ಬ್ರಿಟಿಷರ ಫಿರಂಗಿಗಳು ಹತ್ತು ಲೀ, ಅಂದರೆ ಸುಮಾರು ಐದು ಕಿಲೋಮೀಟರ್ ಮುಟ್ಟುತ್ತವೆ. ನಮ್ಮ ಗುಂಡು ಅವರನ್ನು ತಲುಪುವುದಕ್ಕೆ ಮೊದಲೇ ಅವರ ಗುಂಡು ನಮ್ಮನ್ನು ಹೊಡೆದುರುಳಿಸುತ್ತದೆ. ಅವರು ಬಿಡುವಿಲ್ಲದೆ ಸುಡುತ್ತಾರೆ, ನಾವು ಒಮ್ಮೆ ಸುಟ್ಟು ಮತ್ತೆ ಮದ್ದು ತುಂಬುವಷ್ಟರಲ್ಲಿ ಹೊತ್ತು ಹೋಗುತ್ತದೆ. ಒಳ್ಳೆಯ ಹಡಗು, ಒಳ್ಳೆಯ ಫಿರಂಗಿ, ಪಳಗಿದ ಕೈಗಳಿಲ್ಲದೆ ಬರಿಯ ಶೌರ್ಯದಿಂದ ಏನೂ ಆಗದು. ಇದು ಪತ್ರದ ಸಾರ. ಕಾಲು ಬಾಗದ ಸೈನಿಕರ ಕಥೆ ಹೇಳಿದ್ದ ಮನುಷ್ಯ ಮೂರೇ ವರ್ಷಗಳಲ್ಲಿ ಎಷ್ಟು ದೂರ ಬಂದಿದ್ದ! ಆದರೆ ಇದನ್ನು ಬೇರೆ ಯಾರಿಗೂ ತೋರಿಸಬೇಡಿ ಎಂಬ ವಿನಂತಿಯೂ ಆ ಪತ್ರದಲ್ಲಿದೆ.

ಆ ವಿನಂತಿಯನ್ನು ಹೇಡಿತನವೆನ್ನುವುದು ಸುಲಭ. ಆತ ಹೂಮೆನ್‌ನಲ್ಲಿ ಹೇಡಿಯಾಗಿರಲಿಲ್ಲ. ಶತ್ರು ಬಲಿಷ್ಠನೆಂದವನನ್ನು ಶತ್ರುವಿನ ಪರ ನಿಂತವನೆಂದು ಎಣಿಸುವ ವಾತಾವರಣದಲ್ಲಿ, ಗಡೀಪಾರಾದ ಅಧಿಕಾರಿಯೊಬ್ಬ ಅಷ್ಟನ್ನು ಬರೆದದ್ದೇ ಹೆಚ್ಚು. ಹಾಗಿದ್ದರೂ ಆ ಮೌನದ ಬೆಲೆ ದೊಡ್ಡದು. ಆಧುನಿಕ ಹಡಗುಕಟ್ಟೆ, ಶಸ್ತ್ರಾಗಾರಗಳ ಕೆಲಸ ಚೀನಾದಲ್ಲಿ ಗಟ್ಟಿಯಾಗಿ ಶುರುವಾಗಲು 1860ರ ದಶಕವೇ ಬರಬೇಕಾಯಿತು. ಅಷ್ಟರಲ್ಲಿ ಇನ್ನೊಂದು ಯುದ್ಧದಲ್ಲಿ ಸೋತು, ಬೀಜಿಂಗ್‌ನ ಬೇಸಿಗೆ ಅರಮನೆ ಸುಟ್ಟು, ಅಫೀಮು ಸುಂಕ ಕಟ್ಟಿ ಒಳಬರುವ ಕಾನೂನುಬದ್ಧ ಸರಕಾಗಿತ್ತು.

1842ರ ಡಿಸೆಂಬರ್‌ನಲ್ಲಿ ಲಿನ್ ಯೀಲಿ ತಲುಪಿದ. ಮೂರು ವರ್ಷ ಅಲ್ಲಿನ ಮರಳುಗಾಡಿನಲ್ಲಿ ಕಾಲುವೆ ತೋಡಿಸಿದ, ಬೀಳುನೆಲ ಅಳೆಸಿದ, ನೆಲದಡಿಯ ಸುರಂಗ ಬಾವಿಗಳನ್ನು ಹೆಚ್ಚಿಸಿದ. ಆತನ ಹೆಸರಿನಿಂದ ಕರೆಯುವ ಕಾಲುವೆ, ಬಾವಿಗಳ ನೆನಪು ಆ ಸೀಮೆಯಲ್ಲಿ ಉಳಿದಿದೆ. 1845ರ ಕೊನೆಗೆ ಕ್ಷಮಾದಾನ ದೊರೆತು, ಶಾನ್‌ಶಿ, ಆಮೇಲೆ ಯುನ್ನಾನ್‌ನಲ್ಲಿ ಮತ್ತೆ ದೊಡ್ಡ ಹುದ್ದೆಗಳು ಬಂದವು. 1849ರಲ್ಲಿ ಅನಾರೋಗ್ಯದಿಂದ ನಿವೃತ್ತನಾಗಿ ಊರಿಗೆ ಹೊರಟವನು, 1850ರ ಜನವರಿಯಲ್ಲಿ ಚಾಂಗ್‌ಶಾ ಬಳಿ ದೋಣಿಯಲ್ಲಿ ಝೂವೊ ಝೋಂಗ್‌ಟಾಂಗ್ ಎಂಬ ಅಜ್ಞಾತ ತರುಣ ವಿದ್ವಾಂಸನೊಡನೆ ರಾತ್ರಿಯಿಡೀ ಮಾತನಾಡಿ, ಯೀಲಿ ಸೀಮೆಯ ಬಗ್ಗೆ ತಾನು ಸಂಗ್ರಹಿಸಿದ್ದ ವಿವರಗಳನ್ನು ಒಪ್ಪಿಸಿದ. ಕಾಲು ಶತಮಾನದ ಬಳಿಕ ಆ ಪ್ರದೇಶವನ್ನು ಚಿಂಗ್ ಸಾಮ್ರಾಜ್ಯಕ್ಕೆ ಮರಳಿ ಗೆದ್ದುಕೊಟ್ಟ ದಂಡನಾಯಕ ಅವನೇ.

ಹುಟ್ಟೂರು ಫೂಝೌ ಈಗ ವಿದೇಶಿಯರಿಗೆ ತೆರೆದ ಐದು ಬಂದರುಗಳಲ್ಲೊಂದು. ಇಬ್ಬರು ಇಂಗ್ಲಿಷರು, ಒಬ್ಬ ಪಾದ್ರಿ ಮತ್ತು ಒಬ್ಬ ವೈದ್ಯ, ಅಲ್ಲಿನ ಬೌದ್ಧ ದೇವಾಲಯವೊಂದರಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದರು. ಅವರನ್ನು ಹೊರಹಾಕಬೇಕೆಂದು ಊರ ಗಣ್ಯರ ಮುಂದಾಳಾಗಿ ಲಿನ್ ಪಟ್ಟುಹಿಡಿದ. ತಾಳ್ಮೆಯಿಂದ, ಸದ್ದಿಲ್ಲದೆ ಸಾಗಹಾಕೋಣ ಎಂದವನು ರಾಜ್ಯಪಾಲ ಶು ಜೀಯು. ಈತನೂ ಸಾಮಾನ್ಯನಲ್ಲ, ಜಗತ್ತಿನ ದೇಶಗಳ ಬಗ್ಗೆ ಆ ಕಾಲದ ಅತ್ಯುತ್ತಮ ಚೀನೀ ಭೂಗೋಳ ಗ್ರಂಥವನ್ನು ಎರಡೇ ವರ್ಷಗಳ ಹಿಂದೆ ಪ್ರಕಟಿಸಿದ್ದವನು. ಹೊರಜಗತ್ತನ್ನು ಬಲ್ಲ ಇಬ್ಬರು ಹೀಗೆ ಬಾಡಿಗೆ ಕೋಣೆಯ ವಿಷಯಕ್ಕೆ ಎದುರುಬದುರಾದರು. ಜನರ ಜಯಕಾರ ಲಿನ್ ಕಡೆಗಿತ್ತು. ಮರುವರ್ಷ ಹುದ್ದೆ ಕಳೆದುಕೊಂಡವನು ಶು.

1850ರ ಶರತ್ಕಾಲದಲ್ಲಿ ಹೊಸ ಚಕ್ರವರ್ತಿ ಲಿನ್‌ನನ್ನು ಮತ್ತೆ ಆಯುಕ್ತನನ್ನಾಗಿ ಮಾಡಿ, ಗುವಾಂಗ್‌ಶಿ ಪ್ರಾಂತ್ಯದ ದಂಗೆಗಳನ್ನು ಅಡಗಿಸಲು ಕಳುಹಿಸಿದ. ದಾರಿಯಲ್ಲಿಯೇ, ಗುವಾಂಗ್‌ಡಾಂಗ್‌ನ ಪೂನಿಂಗ್ ಎಂಬಲ್ಲಿ, ನವೆಂಬರ್ 22ರಂದು ಲಿನ್ ಕೊನೆಯುಸಿರೆಳೆದ. ಆ ಗುವಾಂಗ್‌ಶಿಯ ಬೆಟ್ಟಗಳಲ್ಲಿ ಆಗ ಸಂಘಟಿತರಾಗುತ್ತಿದ್ದ, ಮುಂದೆ ಹದಿನಾಲ್ಕು ವರ್ಷ ಚೀನಾವನ್ನು ರಕ್ತದಲ್ಲಿ ಅದ್ದಿದ ತೈಪಿಂಗ್ ಬಂಡುಕೋರರ ನಾಯಕ ಹೋಂಗ್ ಶಿಯುಚ್ವಾನ್‌ಗೆ ಹೊಸ ಮತದ ಹುಚ್ಚು ಹಿಡಿಸಿದ್ದು ಗುವಾಂಗ್‌ಝೌ ಬೀದಿಯಲ್ಲಿ ಸಿಕ್ಕಿದ್ದ ಒಂದು ಕ್ರೈಸ್ತ ಪ್ರಚಾರ ಪುಸ್ತಿಕೆ. ಅದನ್ನು ಬರೆದವನು ಲಿಯಾಂಗ್ ಫಾ. ಅವನ ಮಗ ಲಿಯಾಂಗ್ ಜಿಂದೆ ಹನ್ನೊಂದು ವರ್ಷಗಳ ಹಿಂದೆ ಲಿನ್‌ನ ಕಚೇರಿಯಲ್ಲಿ ಕುಳಿತು ಇಂಗ್ಲಿಷ್ ಪತ್ರಿಕೆಗಳನ್ನು ಅನುವಾದಿಸುತ್ತಿದ್ದ.